ಬಾವಿ ನೀರಿನ ಸೀಸೆಗಳು

ಕಟ್ಟೆಯ ಏರಿಯ ಹಿಂಬದಿ ಎಂದರೆ ನಮ್ಮ ಕಡೆ ಊರಿನ ಗಂಡಸರಿಗೆಲ್ಲ ಕಕ್ಕಸು. ಬೆಳಗಾದರೆ ಚೊಂಬು ಹಿಡಿದು, ಬೀಡಿ ಕಚ್ಚಿಕೊಂಡು ಅಲ್ಲಿಗೇ ಬರುತ್ತಿದ್ದರು. ಅಣ್ಣ ನನಗೆ ಕೊಟ್ಟ ಕೆಲಸಕ್ಕೆ ಆ ಜಾಗ ದಾಟಿಕೊಂಡು ಹೋಗಬೇಕಿತ್ತು. ಅಸಹ್ಯವೆಂದು ನಾನು ಹೋಗಲಿಲ್ಲ. ಹೋಗದೆ ನಾನು ಮಾಡಿದ್ದು ಅದಕ್ಕಿಂತ ಅಸಹ್ಯ. ಬರೆಯಲು ಕೂತರೆ ಈಗಲೂ ಬಾಯಲ್ಲಿ ಎಂಜಲು ಕಹಿಯಾಗುತ್ತದೆ.

ನಾವು ದೊಡ್ಡಬಳ್ಳಾಪುರದ ನೇಕಾರರ ಮನೆಯವರು. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತ ಬೆಳೆದೆ. ಅಣ್ಣ ಓದಿ ಇಂಜಿನಿಯರಾದ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ತಾಲೂಕಿನದೇ ಒಂದು ಮಣ್ಣಿನ ಅಣೆಕಟ್ಟಿನ ಉಸ್ತುವಾರಿ ಅವನಿಗೆ ಬಂತು. ದೊಡ್ಡದೇನಲ್ಲ. ಆದರೆ ಅದರ ಕೆಳಗೆ ಎರಡು ಹಳ್ಳಿಗಳಿದ್ದವು. ಕಟ್ಟೆಯ ಪಕ್ಕದ ಕ್ವಾರ್ಟರ್ಸಿನಲ್ಲಿ ಅವನಿಗೆ ಅಡಿಗೆ ಮಾಡಿಕೊಂಡಿರಲು ನನ್ನನ್ನು ಕಳಿಸಿದರು.

ಜಗತ್ತಿನ ಎಷ್ಟೋ ದೇಶಗಳ ಅಣೆಕಟ್ಟು ಇಂಜಿನಿಯರುಗಳು ಸೇರಿ ಮಾಡಿಕೊಂಡ ಒಂದು ಸಂಘವಿತ್ತು. ಅಣ್ಣ ಅದಕ್ಕೆ ಸೇರಿದ್ದ. ಅವರ ಪುಸ್ತಕಗಳು ಅಂಚೆಯಲ್ಲಿ ಬರುತ್ತಿದ್ದವು. ನನಗೆ ಇಂಗ್ಲಿಷ್ ಬಾರದು, ಚಿತ್ರ ನೋಡುತ್ತಿದ್ದೆ.

"ಇದೇನಣ್ಣ, ಬರೀ ಒಡೆದುಹೋದ ಕಟ್ಟೆಗಳೇ ಇವೆಯಲ್ಲ?" ಎಂದು ಒಮ್ಮೆ ಕೇಳಿದೆ.

"ಅದಕ್ಕೇ ಕಣೆ ಈ ಸಂಘ ಇರೋದು. ಎಲ್ಲೋ ಒಂದು ಕಟ್ಟೆ ಹೋಯ್ತು ಅಂದ್ರೆ, ಯಾಕೆ ಹೋಯ್ತು ಅಂತ ಅದನ್ನ ನೋಡ್ಕೋತಿದ್ದೋರೇ ಬರ್ದು ಎಲ್ಲಾ ದೇಶಕ್ಕೂ ಕಳಿಸ್ತಾರೆ. ನಮ್ಮ ಆಫೀಸಲ್ಲಿ ಏನ್ಮಾಡ್ತಾರೆ ಗೊತ್ತಾ? ಬಿರುಕು ಬಿಟ್ರೆ ಸುಣ್ಣ ಹೊಡೀತಾರೆ!"

"ಯಾರಾದ್ರೂ ಸುಳ್ಳು ಬರೆದ್ರೆ?"

ಅವನು ನಕ್ಕುಬಿಟ್ಟ. "ಸುಳ್ಳು ಬರೆದ್ರೆ ಅದನ್ನ ನಂಬಿ ಇನ್ನೊಬ್ಬನ ಕಟ್ಟೆ ಹೋಗುತ್ತಲ್ಲೇ. ಅಷ್ಟು ಗೊತ್ತಿಲ್ದಿರೋನು ಅಲ್ಲಿಗೆ ಯಾಕೆ ಸೇರ್ತಾನೆ?"

ಆ ಪುಸ್ತಕ ಓದಿಯೇ ಅವನಿಗೆ ಸೀಸೆಗಳ ಯೋಚನೆ ಬಂದದ್ದು. ಮಣ್ಣಿನ ಕಟ್ಟೆ ಎಂದ ಮೇಲೆ ಬುಡದಲ್ಲಿ ಸ್ವಲ್ಪ ನೀರು ಸೋರುತ್ತದೆ. ತಿಳಿಯಾಗಿ ಸೋರಿದರೆ ಭಯವಿಲ್ಲ. ಬಗ್ಗಡ ಬಂದರೆ ಒಳಗಿನಿಂದ ಮಣ್ಣು ಕೊಚ್ಚಿಕೊಂಡು ಬರುತ್ತಿದೆ ಎಂದರ್ಥ. ದಿನಾ ಬೆಳಿಗ್ಗೆ ಬುಡದ ಕಾಲುವೆಯಿಂದ ಒಂದು ಗಾಜಿನ ಸೀಸೆ ತುಂಬಿ ಕಿಟಕಿಯ ಮೇಲಿಡಬೇಕು. ವಾರಕ್ಕೆ ಏಳು ಸೀಸೆ. ಭಾನುವಾರ ಅಣ್ಣ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಬರೆದುಕೊಂಡು, ತೊಳೆದಿಡುತ್ತಿದ್ದ. ಇದನ್ನೆಲ್ಲ ಸೇರಿಸಿ ಆ ಸಂಘಕ್ಕೆ ಒಂದು ಲೇಖನ ಕಳಿಸಬೇಕೆಂಬುದು ಅವನ ಆಸೆ.

"ನೀರುಗಂಟಿಗೆ ಹೇಳೋಣ ಅಂದ್ರೆ ಅವನು ಕುಡೀತಾನೆ. ನೀನಾದ್ರೆ ನಂಬಬೋದು," ಅಂದ.

ನೀರುಗಂಟಿ ಎಂದರೆ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವ ಮುದುಕ. ಕುಡಿಯುತ್ತಿದ್ದದ್ದು ನಿಜ. ಆದರೆ ಏರಿಯ ಒಂದೊಂದು ಕಲ್ಲೂ ಅವನಿಗೆ ಗೊತ್ತಿತ್ತು.

ಮೊದಲ ಹತ್ತು ದಿನ ಹೋದೆ. ಸೆರಗಿನಿಂದ ಮೂಗು ಮುಚ್ಚಿಕೊಂಡು, ಒಂದೊಂದು ಹೆಜ್ಜೆಯನ್ನೂ ನೋಡಿ ಇಡಬೇಕಿತ್ತು. ನೊಣಗಳು ಮುಖಕ್ಕೇ ಬರುತ್ತಿದ್ದವು. ಕೂತವರು ಏಳುತ್ತಲೂ ಇರಲಿಲ್ಲ. "ಏನ್ ತಾಯಿ, ತೀರ್ಥ ತುಂಬ್ಕಳಾಕ್ ಬಂದ್ಯಾ?" ಎಂದು ಒಬ್ಬ ಕೂತಲ್ಲಿಂದಲೇ ಕೂಗಿದ. ಪೊದೆಗಳ ಹಿಂದಿನಿಂದ ನಾಲ್ಕೈದು ಜನ ನಕ್ಕರು. ಅವತ್ತು ಕಾಲಿಗೆ ಹೊಲಸು ಮೆತ್ತಿಕೊಂಡು ಮನೆಗೆ ಬಂದು, ಎಷ್ಟು ತೊಳೆದರೂ ವಾಸನೆ ಹೋಗದೆ, ತಿಂದದ್ದನ್ನು ವಾಂತಿ ಮಾಡಿದೆ. ಮಾರನೆಯ ದಿನ ಹಿತ್ತಿಲ ಬಾವಿಯಿಂದ ಒಂದು ಕೊಡ ಸೇದಿ ಸೀಸೆ ತುಂಬಿದೆ. ಅಣ್ಣನಿಗೆ "ನನ್ನ ಕೈಲಾಗಲ್ಲ" ಎಂದು ಹೇಳಬಹುದಿತ್ತು. ಅವನು ಬೈಯುತ್ತಲೂ ಇರಲಿಲ್ಲ. ನಂಬುತ್ತೇನೆ ಅಂದಿದ್ದನಲ್ಲ, ಆ ಹೆಸರು ಬಿಡಲು ಮನಸ್ಸಾಗಲಿಲ್ಲ.

ನಮ್ಮ ಬಾವಿ ನೀರು ಗಡಸು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಅಡಿಗೆಗೆ ಕಟ್ಟೆಯ ನೀರೇ ಆಗಬೇಕು. ಬಾವಿ ನೀರು ತುಂಬಿಟ್ಟ ಪಾತ್ರೆಗಳಲ್ಲೆಲ್ಲ ಬಿಳಿ ಕರೆ ಕಟ್ಟುತ್ತಿತ್ತು. ತಿಂಗಳುಗಟ್ಟಲೆ ತುಂಬಿ ತುಂಬಿ ಸೀಸೆಗಳ ಕತ್ತಿನಲ್ಲೂ ಅದೇ ಬಿಳಿ ಬಳೆ ಕೂತಿತು. ಮನೆಯ ಚೊಂಬು, ಹಂಡೆ, ಲೋಟಗಳಿಗೆಲ್ಲ ಆ ಕರೆ ಇದ್ದದ್ದರಿಂದ ಅಣ್ಣನಿಗೆ ಅದು ಕಾಣಿಸಲೇ ಇಲ್ಲ.

ಎರಡನೇ ವರ್ಷ ಮಳೆ ಜೋರಾಗಿ ಕಟ್ಟೆ ಅಂಚಿನವರೆಗೆ ತುಂಬಿತು. ಹೊಸಕೋಟೆ ಕಡೆಯ ಕೆರೆಗಳ ಕೆಲಸಕ್ಕೆಂದು ಅಣ್ಣನನ್ನು ಮೂರು ವಾರ ಕಳಿಸಿದರು. ಆಗ ಒಂದು ದಿನ ನೀರುಗಂಟಿ ಹಿತ್ತಿಲ ಬಾಗಿಲಿಗೆ ಬಂದ.

"ಅಮ್ಮಣ್ಣಿ, ಬುಡದ ಕಾಲ್ವೆ ನೀರು ಕೆಂಪುಗ್ ಬತ್ತಾ ಐತೆ. ನೀವ್ ದಿನಾ ತುಂಬೋರು, ನೋಡಿಲ್ವಾ?"

"ನೋಡಿದೀನಿ. ಮಳೆ ನೀರು ಸೇರ್ಕೊಂಡಿದೆ ಅಷ್ಟೆ."

"ಮಳೆ ನಿಂತು ಎರಡು ದಿನ ಆಯ್ತಲ್ಲವ್ವ. ಸ್ವಾಮ್ಯೋರ್ಗೆ ಒಂದ್ ಕಾಗ್ದ ಹಾಕಿ."

"ಕುಡ್ಕೊಂಡ್ ಬಂದು ನನಗೆ ಹೇಳ್ಕೊಡ್ತೀಯಾ? ಹೋಗು," ಅಂದೆ. ಕಾಗದ ಹಾಕಿದರೆ, ಕಿಟಕಿಯ ಮೇಲೆ ತಿಳಿ ನೀರಿನ ಸೀಸೆಗಳು ಹೇಗೆ ಬಂದವು ಎಂಬ ಪ್ರಶ್ನೆ ಬರುತ್ತಿತ್ತು. ಅವನು ಅವತ್ತು ಕುಡಿದಿರಲಿಲ್ಲ. ನಾನು ಬಾವಿ ನೀರನ್ನೇ ತುಂಬುತ್ತ ಹೋದೆ. ಕೆಳಗಿನ ಹಳ್ಳಿಗಳ ಹೆಂಗಸರು ನನ್ನ ಹತ್ತಿರ ಹೂವು ಮಾರಲು ಬರುತ್ತಿದ್ದರು. ಅವರಿಗೂ ಏನೂ ಹೇಳಲಿಲ್ಲ.

ಒಂದು ವಾರದ ಮೇಲೆ ಅಣ್ಣ ಜೀಪಿನಲ್ಲಿ ಬಂದಿಳಿದ. ಜೊತೆಗೆ ಅವನ ಮೇಲಧಿಕಾರಿ, ಮತ್ತೆ ಆ ಸಂಘದ ಒಬ್ಬ ಪರದೇಶದ ಮುದುಕ. ಬೆಂಗಳೂರಿಗೆ ಬಂದಿದ್ದ ಆ ಮುದುಕನನ್ನು ಅಣ್ಣನೇ ಬೇಡಿ ಕರೆತಂದಿದ್ದ, ತನ್ನ ಸೀಸೆಗಳನ್ನು ತೋರಿಸಲು. ನಾನು ತಟ್ಟೆಯಲ್ಲಿ ಕಾಫಿ ತಂದೆ. ಮುದುಕ ಒಂದು ಸೀಸೆಯನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದ. ಆಮೇಲೆ ಅದರ ಕತ್ತಿನ ಬಿಳಿ ಬಳೆಯನ್ನು ಉಗುರಿನಿಂದ ಕೆರೆದ. ನನ್ನ ತಟ್ಟೆಯಿಂದ ಒಂದು ಲೋಟವನ್ನು ತೆಗೆದುಕೊಂಡು ಅದರ ಅಂಚನ್ನೂ ನೋಡಿದ. ಏನೋ ಕೇಳಿದ. ಅಣ್ಣ ಹಿತ್ತಿಲ ಬಾವಿಯ ಕಡೆ ತಿರುಗಿ ನೋಡಿದ.

ಮುದುಕ ಆ ಹೊಲಸನ್ನು ಬೂಟುಗಾಲಿನಲ್ಲೇ ತುಳಿದುಕೊಂಡು ಏರಿಯ ಬುಡಕ್ಕೆ ಹೋದ, ಮಂಡಿಯೂರಿ ಸೀಸೆ ಅದ್ದಿದ. ಮೇಲೆ ಬಂದ ನೀರು ಇಟ್ಟಿಗೆ ಪುಡಿ ಕಲಸಿದ ಹಾಗೆ ಕೆಂಪಗಿತ್ತು.

"ಮನೇಲಿರೋ ನೀರು ತಂದೋರು ಯಾರು?" ಎಂದು ಮೇಲಧಿಕಾರಿ ಕೂಗಿದ.

ಕಾಫಿ ತಟ್ಟೆ ಹಿಡಿದೇ ಏರಿಯ ಮೇಲೆ ನಿಂತಿದ್ದ ನನ್ನ ಕಡೆ ಎಲ್ಲರೂ ನೋಡಿದರು. ತೂಬಿನ ಹತ್ತಿರ ನೀರುಗಂಟಿ ನಿಂತಿದ್ದ.

"ತರ್ತಿದ್ದೋನು ಇವನು," ಅಂದೆ. "ಆ ಹೊಲಸು ದಾಟಕ್ಕಾಗ್ದೆ ಇವನಿಗೆ ಹೇಳಿದ್ದೆ. ನಾನು ಸೀಸೆಗೆ ಹಾಕಿಡ್ತಿದ್ದೆ, ಅಷ್ಟೆ."

"ಅಮ್ಮಣ್ಣಿ..." ಅಂದ ಅವನು. ಕುಡುಕನ ಮಾತು ಯಾರು ಕೇಳುತ್ತಾರೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನ ಕೆಲಸ ಅವತ್ತೇ ಹೋಯಿತು.

ಆ ಕ್ಷಣದಿಂದಲೇ ತೂಬು ಪೂರ್ತಿ ಎತ್ತಿ ನೀರು ಖಾಲಿ ಮಾಡಿದರು. ಪರದೇಶದ ಮುದುಕ ಹೇಳಿಕೊಟ್ಟಂತೆ ಸೋರುವ ಜಾಗಕ್ಕೆ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹೇರಿದರು. ಕಟ್ಟೆ ಉಳಿಯಿತು, ಹಳ್ಳಿಗಳೂ ಉಳಿದವು. ಅಣ್ಣ ಲೇಖನವನ್ನು ಬೇರೆ ರೀತಿ ಬರೆದ. ತನ್ನ ಕಟ್ಟೆಯ ವಿಷಯದಲ್ಲಿ ತಾನು ಹೇಗೆ ಮೋಸ ಹೋದೆ ಎಂದು. ಸಂಘ ಅದನ್ನು ಅಚ್ಚು ಮಾಡಿತು. ಪುಸ್ತಕ ಬಂದ ದಿನ ಅವನು ನನ್ನನ್ನು ಕೂರಿಸಿಕೊಂಡು ಕನ್ನಡದಲ್ಲಿ ಓದಿ ಹೇಳಿದ: ಕಾವಲಿನ ಆಳು ಕಾಲುವೆಯ ಬದಲು ಬಾವಿಯ ನೀರು ತರುತ್ತಿದ್ದ, ಇಂಥ ಆಳುಗಳನ್ನು ನಂಬಬಾರದು. ನಾನು ಹೂಂ ಅಂದೆ. ಊಟಕ್ಕೆ ಬಡಿಸಿದೆ.

ಮೂರು ವರ್ಷದ ಮೇಲೆ, ನನಗೆ ಮದುವೆ ಗೊತ್ತಾದಾಗ, ತಡೆಯಲಾರದೆ ಅವನಿಗೆ ಹೇಳಿದೆ. ಅವನು ಬೈಯಲಿಲ್ಲ. ಮಾರನೆಯ ದಿನ ನೀರುಗಂಟಿಯನ್ನು ಹುಡುಕಿಕೊಂಡು ಹೋದ. ಮುದುಕ ನೆಲಮಂಗಲದ ಕಡೆ ಮಗಳ ಮನೆಯಲ್ಲಿದ್ದುಕೊಂಡು ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿಯುತ್ತಿದ್ದ.

"ಏನಂದ ಗೊತ್ತಾ?" ಎಂದ ಅಣ್ಣ ವಾಪಸು ಬಂದು. "'ಅಮ್ಮಣ್ಣಿ ಚಿಕ್ಕೋರು, ಹೆದ್ರುಕೊಂಡ್ ಬುಟ್ರು, ಹೋಗ್ಲಿ ಬುಡಿ ಸ್ವಾಮಿ' ಅಂದ."

ಆಮೇಲೆ ಪೆನ್ನು ತೆಗೆದ. "ಸಂಘಕ್ಕೆ ಬರೀತೀನಿ. ತಿದ್ದುಪಡಿ ಹಾಕ್ತಾರೆ."

"ಬೇಡ ಅಣ್ಣ. ಗಂಡಿನ ಮನೆಯೋರ ಕಿವಿಗೆ ಬಿದ್ರೆ?"

"ಆ ಪುಸ್ತಕ ಅವರ ಮನೇಲಿ ಯಾರೇ ಓದ್ತಾರೆ?"

"ನಿನ್ನ ಆಫೀಸಿನೋರು ಓದ್ತಾರಲ್ಲ." ಅವನ ಕಾಲು ಹಿಡಿದುಕೊಂಡೆ, ಅತ್ತೆ. ಅವನು ಪೆನ್ನಿನ ಕ್ಯಾಪು ಹಾಕಿದ. ಮುಂದಿನ ವರ್ಷ ಸಂಘಕ್ಕೆ ಚಂದಾ ಕಟ್ಟಲಿಲ್ಲ. ಪುಸ್ತಕಗಳು ಬರುವುದು ನಿಂತಿತು. "ಯಾಕಣ್ಣ?" ಎಂದು ಕೇಳುವ ಮುಖ ನನಗಿರಲಿಲ್ಲ.

ಅಣ್ಣ ತೀರಿಹೋದ ಮೇಲೆ ಆ ಪುಸ್ತಕ ನನ್ನ ಹತ್ತಿರ ಬಂತು. ಇಂಗ್ಲಿಷ್ ಬಾರದಿದ್ದರೂ ಪುಟ ಗೊತ್ತು, ಕಿಟಕಿಯ ಮೇಲಿನ ಏಳು ಸೀಸೆಗಳ ಫೋಟೋ ಇದೆ. ಯಾವ ಯಾವ ದೇಶದಲ್ಲಿ ಯಾರು ಯಾರು ಇದನ್ನು ಓದಿ, ನಿಜ ಹೇಳಲು ಬಂದ ತಮ್ಮ ನೀರುಗಂಟಿಯನ್ನು ಬಾಗಿಲಿನಿಂದ ಅಟ್ಟಿದರೋ. ಅವತ್ತು ನಾನು ಚಿಕ್ಕವಳೇನೂ ಆಗಿರಲಿಲ್ಲ, ಇಪ್ಪತ್ತನಾಲ್ಕು ವರ್ಷ. ಹೆದರಿಯೂ ಇರಲಿಲ್ಲ. 'ತರ್ತಿದ್ದೋನು ಇವನು' ಅನ್ನುವಾಗ ನನ್ನ ಕೈಯಲ್ಲಿದ್ದ ತಟ್ಟೆಯಿಂದ ಒಂದು ಹನಿ ಕಾಫಿಯೂ ತುಳುಕಲಿಲ್ಲ.