ದೊಡವಾಡದ ಸುಳ್ಳು ಗಂಟೆ

ಧಾರವಾಡದ ಬಸ್ಸು ಎಲ್ಲಿ ತಪ್ಪೀತೋ ಎಂಬ ಹೆದರಿಕೆಯಿಂದ ನಾನು ದೊಡವಾಡದ ನಿಲ್ದಾಣಕ್ಕೆ ಒಂದು ತಾಸು ಮೊದಲೇ ಬಂದಿದ್ದೆ. ಎದುರಿನ ಶಾಲೆಯ ಮೈದಾನದಲ್ಲಿ ಒಬ್ಬ ಹುಡುಗಿ ಬರಿಗಾಲಲ್ಲಿ ಓಡುತ್ತಿದ್ದಳು. ಅವಳ ಅಜ್ಜಿ ರಸ್ತೆಯಂಚಿನ ಕಲ್ಲಿನ ಮೇಲೆ ಕುಳಿತು, ಎತ್ತಿನ ಕೊರಳ ಗಂಟೆಯನ್ನು ಮನಸ್ಸಿಗೆ ಬಂದಾಗ ಬಾರಿಸುತ್ತಿದ್ದಳು. ಹುಡುಗಿ ಕಿವಿಗೊಡುತ್ತಿರಲಿಲ್ಲ. ಗಂಟೆ ಕೇಳಿದಾಗಲೆಲ್ಲ ಬಸ್ಸೇ ಹೊರಟಿತೆಂದು ಬೆಚ್ಚಿ ಚೀಲ ಎತ್ತಿಕೊಂಡವನು ನಾನೊಬ್ಬನೇ.

ಇದೇನೆಂದು ಅಜ್ಜಿಯನ್ನು ಕೇಳಿದೆ.

“ಟೀವ್ಯಾಗ ಆ ಇಥಿಯೋಪಿಯಾದಾಕಿ ಓಡೂದು ನೋಡೀರಿಲ್ರಿ? ಆಕಿ ಚಿನ್ನದ ಪದಕ ಗೆದ್ದಾಗ ನಮ್ಮ ಓಣ್ಯಾಗ ಬೆಲ್ಲ ಹಂಚೇವಿ. ಕಡೀ ಸುತ್ತಿನ ಗಂಟಿ ಹೊಡಿಯೂತನಾ ಹಿಂದ ಇರತಾಳ, ಆಮ್ಯಾಲೆ ಎಲ್ಲಾರನೂ ದಾಟತಾಳ. ಹೋದ ವರ್ಷ ತಾಲೂಕಿನ ಓಟದಾಗ ನಮ್ಮ ನೀಲವ್ವನೂ ಹಂಗ ಗಂಟಿ ಕಾಯ್ಕೋತ ಹಿಂದ ಉಳದ್ಲರಿ. ಅಲ್ಲಿ ಗಂಟೀನ ಇರಲಿಲ್ಲ!”

“ಹಂಗಾದ್ರ ಈಗ ಯಾಕ ಬಾರಸ್ತೀರಿ, ಯವ್ವಾ?”

“ಗಂಟಿ ನಂಬೂ ಚಟಾ ಬಿಡಸಾಕರಿ. ಏಳು ಸುತ್ತು ತಾನ ಎಣಿಸಬೇಕು. ನಾಳೆ ಮತ್ತ ಓಟ ಐತಿ. ಈ ಸಲ ಸೋತ್ರ ಅವರಪ್ಪ ಓಡೂದ ಬ್ಯಾಡ ಅಂದಾನ.”

ಬಸ್ಸು ಬಂತು. “ಲಗೂ ಹತ್ರಿ ಸಾಹೇಬ್ರ!” ಎಂದ ಕಂಡಕ್ಟರ್. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡಿದೆ. ನನ್ನ ಎಣಿಕೆಯಲ್ಲಿ ಅದು ಐದನೇ ಸುತ್ತು. ಎಂದಿನಂತೆ ನಾನು ತಪ್ಪಿದ್ದೆ; ಅದು ಏಳನೆಯದು. ನೀಲವ್ವ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಒಮ್ಮೆಲೇ ಬಿರುಸಾಗಿ ಓಡಿದಳು. ಅಜ್ಜಿ ಎದ್ದು ನಿಂತು, ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು.