ಕೊಟ್ರಪ್ಪನವರ ಭಾನುವಾರದ ಭಾಷಣ ತರಗತಿ

ನಾಗರಬಾವಿಯಲ್ಲಿ ನನ್ನದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಬಾಡಿಗೆ ರೂಮು ಹಿಡಿದ ವಿದ್ಯಾರ್ಥಿ ಮೊದಲು ಕೊಳ್ಳುವುದು ಪುಸ್ತಕವಲ್ಲ, ಬಕೆಟ್ಟು ಎಂಬ ಜ್ಞಾನದ ಮೇಲೆ ನಿಂತ ವ್ಯಾಪಾರ. ಹಾಗಾಗಿ ಕೊಟ್ರಪ್ಪನವರು ಬಂದು, "ಸಾವ್ಕಾರ್ರೇ, ಮೇಲ್ಗಡೆ ನಿಮ್ಮ ಹಾಲ್ ಖಾಲಿ ಇದೆಯಲ್ಲ, ಭಾನುವಾರ ಫಾರಿನ್ ಹುಡುಗ್ರಿಗೆ ಭಾಷಣ ಮಾಡೋದು ಹೇಳ್ಕೊಡ್ತೀನಿ, ಪುಕ್ಕಟೆ" ಎಂದಾಗ ನಾನು ಬಾಡಿಗೆ ಕೇಳಲಿಲ್ಲ. ಜನ ಅದನ್ನು ಔದಾರ್ಯವೆಂದರು. ನಾನೂ ತಿದ್ದಲಿಲ್ಲ.

ಕೊಟ್ರಪ್ಪನವರು ಟೆಲಿಫೋನ್ ಇಲಾಖೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಕೊಟ್ಟೂರಿನಿಂದ ಬಂದ ಹೊಸದರಲ್ಲಿ ಅವರು ಬಾಯಿ ಬಿಟ್ಟರೆ ಸಾಕು, ಆ ಕಡೆಯ ಎಳೆತಕ್ಕೆ ಆಫೀಸಿನವರು ನಗುತ್ತಿದ್ದರಂತೆ. ಎರಡು ವರ್ಷ ಸಭೆಗಳಲ್ಲಿ ತುಟಿ ಬಿಚ್ಚಿರಲಿಲ್ಲವಂತೆ. ಊರು ಬಿಟ್ಟು ಬಂದವರಿಗೆ ಆ ಗತಿ ಬರಬಾರದು ಎಂಬುದೇ ಅವರ ಹಟ.

ಅವರ ಪದ್ಧತಿ ನಮ್ಮ ಬಡಾವಣೆಯ ಸಮಾರಂಭಗಳದ್ದೇ. ವೇದಿಕೆಯಲ್ಲಿ ಕೂತ ಒಬ್ಬರನ್ನೂ ಬಿಡದೆ 'ರೆಸ್ಪೆಕ್ಟೆಡ್' ಎಂದು ಹೆಸರು ಹಿಡಿದು ಕರೆದ ಮೇಲೆಯೇ ವಿಷಯಕ್ಕೆ ಬರಬೇಕು. ಎರಡನೇ ವರ್ಷ ಜೊತೆಗೂಡಿದ ನಾಗಭೂಷಣ್ ಎಂಬ ಕಂಪನಿ ಟ್ರೈನರ್‌ಗೆ ಇದು ಹಿಡಿಸಲಿಲ್ಲ.

"ಸಾರ್, ಇರೋದೇ ಮೂರು ನಿಮಿಷ. ಹೆಸರು ಹೇಳೋದ್ರಲ್ಲೇ ಎರಡು ನಿಮಿಷ ಹೋಗುತ್ತೆ."

"ಸುಮ್ನಿರೋ. ಹೊರಗಿಂದ ಬಂದೋರ ಮಾತು ಯಾರು ಕೇಳ್ತಾರೆ? ಅವರ ಹೆಸರು ಕರೆದ್ರೆ ತಾನೇ ಕಿವಿ ಕೊಡೋದು!"

೨೦೦೭ರಲ್ಲಿ ಒಂದು ಕಾಲೇಜಿನವರು ವಿದೇಶಿ ವಿದ್ಯಾರ್ಥಿಗಳಿಗೆ ಕನ್ನಡ ಭಾಷಣ ಸ್ಪರ್ಧೆ ಇಟ್ಟರು. ನಮ್ಮ ತರಗತಿಯಿಂದ ಟಾಂಜಾನಿಯಾದ ಜುಮಾ ಹೆಸರು ಕೊಟ್ಟ. ನನ್ನಂಗಡಿಯಲ್ಲಿ ಚೌಕಾಸಿ ಮಾಡುತ್ತಲೇ ಕನ್ನಡ ಕಲಿತ ಹುಡುಗ. ಅವನ ವಿಷಯ, ಮೀನು ಮಾರಿ ತನ್ನನ್ನು ಓದಿಸಿದ ಅಜ್ಜಿ. ಮೂರು ವಾರ ಕೊಟ್ರಪ್ಪನವರು ಅವನನ್ನು ಮನೆಗೇ ಕರೆಸಿಕೊಂಡು ತಿದ್ದಿದರು. ಅವರ ಹೆಂಡತಿ ಕಸ್ತೂರೆವ್ವ ರೊಟ್ಟಿ ಬಡಿಸಿದರು. ಅಜ್ಜಿ ಹಡಗುಕಟ್ಟೆಯಲ್ಲಿ ಕೈಬೀಸುವ ಜಾಗ ಬಂದಾಗಲೆಲ್ಲ ಗುರುಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. "ಈ ಹುಡುಗ ಗೆದ್ರೆ ನಾನು ಗೆದ್ದಂಗೆ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದರು.

ಅದೇ ವಾರಗಳಲ್ಲಿ ಒಂದು ಸಂಜೆ ಮೇಲ್ಗಡೆ ನಗು ಕೇಳಿ ಹತ್ತಿ ನೋಡಿದೆ. ಜುಮಾ ಕನ್ನಡಕವನ್ನು ಹಣೆಗೇರಿಸಿ, ಹೊಟ್ಟೆ ಮುಂದೆ ಮಾಡಿ, ಸಾಕ್ಷಾತ್ ಕೊಟ್ರಪ್ಪನವರಾಗಿ ನಿಂತಿದ್ದ. "ಅಣ್ಣಾ, ಸಾರ್‌ಗೆ ಹೇಳ್ಬೇಡಿ, ಸರ್‌ಪ್ರೈಸು" ಎಂದ ನಾಗಭೂಷಣ್. ಸುತ್ತ ಕೂತು ನಗುತ್ತಿದ್ದವರೆಲ್ಲ ನನ್ನ ಗಿರಾಕಿಗಳು. ನಾನು ಹೇಳಲಿಲ್ಲ.

ಸ್ಪರ್ಧೆಯ ದಿನ ಕೊಟ್ರಪ್ಪನವರು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಮೊದಲ ಸಾಲಿನಲ್ಲಿ ಕೂತರು. ಜುಮಾ ಮೈಕಿನ ಮುಂದೆ ಬಂದು ಕನ್ನಡಕ ಹಣೆಗೇರಿಸಿದ.

"ರೆಸ್ಪೆಕ್ಟೆಡ್ ಅಧ್ಯಕ್ಷರೇ, ರೆಸ್ಪೆಕ್ಟೆಡ್ ಅತಿಥಿಗಳೇ, ರೆಸ್ಪೆಕ್ಟೆಡ್ ಮೈಕ್ ಸೆಟ್ಟಿನವರೇ, ರೆಸ್ಪೆಕ್ಟೆಡ್ ಸೀಲಿಂಗ್ ಫ್ಯಾನೇ..."

ಕೊಟ್ಟೂರಿನ ಎಳೆತವೂ ಹಾಗೇ ಇತ್ತು. ಗಂಟೆ ಬಾರಿಸಿದಾಗ, "ಅಯ್ಯೋ, ನನ್ನ ಭಾಷಣ ಇನ್ನೂ ಶುರುವೇ ಆಗಿಲ್ಲ!" ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಮೊದಲ ಬಹುಮಾನ ಅವನಿಗೇ ಬಂತು.

ಹೊರಗೆ ಜುಮಾ ಓಡಿ ಬಂದು ಗುರುಗಳ ಕಾಲು ಮುಟ್ಟಿದ. "ಸಾರ್, ಫಸ್ಟ್ ಪ್ರೈಜ್!"

"ಅಜ್ಜಿನ ಎಲ್ಲಿ ಬಿಟ್ಟೆಯಪ್ಪಾ?"

ಜುಮಾ ನಾಗಭೂಷಣ್ ಮುಖ ನೋಡಿದ. "ಅಂಥ ಅಜ್ಜೀನೇ ಇಲ್ಲ ಸಾರ್. ಅದು ನಾಗಭೂಷಣ್ ಸಾರ್ ಬರೆದಿದ್ದು. ನಿಮಗೆ ಡೌಟ್ ಬರಬಾರದು ಅಂತ."

ಕೊಟ್ರಪ್ಪನವರು ನನ್ನತ್ತ ತಿರುಗಿದರು. "ಪ್ರಾಕ್ಟೀಸ್ ಎಲ್ಲಿ ಮಾಡಿದ್ರು, ಸಾವ್ಕಾರ್ರೇ?"

"ಮೇಲ್ಗಡೆ."

"ನೀವು ಕೆಳಗಿದ್ರಿ."

"ಇದ್ದೆ."

ಒಡೆದ ಬಕೆಟ್ಟು ವಾಪಸು ತಂದ ಗಿರಾಕಿಗೂ ನನ್ನ ಬಳಿ ಒಂದು ಸಮಾಧಾನ ಇರುತ್ತದೆ. ಅದನ್ನೇ ಹೇಳಲು ಹೋದೆ, ಅವರು ಕೈ ಅಡ್ಡ ಹಿಡಿದರು.

"ನಕ್ಕಿದ್ದಕ್ಕೆ ಬೇಜಾರಿಲ್ಲ. ಹುಡುಗ ಚೆನ್ನಾಗೇ ಮಾಡಿದ" ಎಂದರು. "ಇಲ್ಲದ ಅಜ್ಜಿಗೆ ಮೂರು ವಾರ ನಾನು ಕಣ್ಣೀರು ಹಾಕಿದೆ. ಅದು ನಿಮಗೆಲ್ಲ ಗೊತ್ತಿತ್ತಲ್ಲ."

"ಸಾರ್, ತಮಾಷೆಗೆ..." ಎಂದ ನಾಗಭೂಷಣ್.

"ಭಾನುವಾರದಿಂದ ನೀನೇ ನೋಡ್ಕೋ." ಅವರು ರಸ್ತೆ ದಾಟಿ, ನಿಂತಿದ್ದ ಬಸ್ಸು ಹತ್ತಿದರು.

ಬಹುಮಾನದ ಕಪ್ಪನ್ನು ಎದೆಗೊತ್ತಿಕೊಂಡಿದ್ದ ಜುಮಾ ಕೇಳಿದ: "ಅಣ್ಣಾ, ಸಾರ್‌ಗೆ ಇಷ್ಟ ಆಗಿಲ್ವಾ?"

ನಾಗಭೂಷಣ್ ಹೇಳಲಿ ಎಂದು ನಾನು ಕಾದೆ. ನಾನು ಹೇಳಲಿ ಎಂದು ಅವನು ಕಾದ.