ಹೆಲ್ಮೆಟ್ಟಿನ ಮೇಲಿನ ಹೆಸರು

ದುಬೈಯ ನಮ್ಮ ಸೈಟಿನಲ್ಲಿದ್ದ ಇಟಲಿಯ ಇಂಜಿನಿಯರ್ ಹೆಲ್ಮೆಟ್ ತಟ್ಟಿಕೊಂಡೇ ಮಾತು ಶುರು ಮಾಡುತ್ತಿದ್ದ. ಅದರ ಮೇಲೆ ಅವನ ಮನೆತನದ ಹೆಸರಿತ್ತು: ಫೆರಾರೊ. "ಅಂದರೆ ಕಮ್ಮಾರ! ನಮ್ಮೂರ ಬೀದಿಯಲ್ಲಿ ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ." ಸುತ್ತಿಗೆ ಹಿಡಿಯಲು ಬಾರದ ಆ ನುಣುಪು ಕೈ ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಅಪ್ಪನ ಕುಲುಮೆಯಲ್ಲಿ ತಿದಿ ಒತ್ತಿದವನು ನಾನು.

ಒಂದು ದಿನ ನಾನು ಬಡಿದು ಕೂರಿಸಿದ ಗೇಟನ್ನು ಸವರುತ್ತಾ ಕೇಳಿದ, "ಮೈ ಫ್ರೆಂಡ್, ನಿನ್ನ ಮನೆತನದ ಹೆಸರೇನು?"

ನಾನು ಗೇಟಿನ ಚಿಲಕ ಎಳೆದು ನೋಡತೊಡಗಿದೆ. ಊರಲ್ಲಿ ಕಮ್ಮಾರರಾದ ನಮ್ಮನ್ನು ಆಚಾರಿ ಎನ್ನುತ್ತಾರೆ. ಪಾಸ್‌ಪೋರ್ಟ್ ಮಾಡಿಸುವಾಗ ನಾಚಿಕೆಯಿಂದ ನಾನೇ ಅದನ್ನು ಬಿಡಿಸಿದ್ದೆ.

ಸಂಜೆ ಹೆಂಡತಿಗೆ ಫೋನ್ ಮಾಡಿದೆ. "ಮಗಳ ಪಾಸ್‌ಪೋರ್ಟಿಗೆ ಆಚಾರಿ ಅಂತ ಬರೆಸು ಮಾರಾಯ್ತಿ."

"ಇದೆಂತ ಹೊಸತು?"

"ಇಲ್ಲೊಬ್ಬ ಸುತ್ತಿಗೆ ಹಿಡಿಯದವನೇ ಕಮ್ಮಾರ ಅನ್ನುವ ಹೆಸರನ್ನು ತಲೆ ಮೇಲೆ ಹೊತ್ತು ತಿರುಗುತ್ತಾನೆ. ನಮಗೆಂತ ದಾಡಿ?"